ಇಂಗ್ಲಿಷು ಭಾಷೆಯ ಅಲಂಕಾರದ ಮಾತುಗಳು

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು ಕಲಿಯುತ್ತಾರೆ. ಕೆಲಸದ ಕಾಗದಗಳೂ ಆಸ್ಪತ್ರೆಯ ಚೀಟಿಗಳೂ ಅನೇಕ ಸಾರಿ ಅದೇ ಭಾಷೆಯಲ್ಲಿ ನಮ್ಮ ಮನೆಗೆ ಬರುತ್ತವೆ. ಒಂದೊಂದು ಶಬ್ದದ ಅರ್ಥವನ್ನು ನಿಘಂಟಿನಲ್ಲಿ ನೋಡಿ ತಿಳುಕೊಂಡ ಮೇಲೆಯೂ ಇಡೀ ವಾಕ್ಯದ ಭಾವವು ತಿಳಿಯದೆ ಹೋಗುವದುಂಟು. ಯಾಕಂದರೆ ಎಲ್ಲಾ ಭಾಷೆಗಳಂತೆ ಇಂಗ್ಲಿಷಿನಲ್ಲಿಯೂ ಜನರು ಒಂದನ್ನು ಹೇಳಿ ಮತ್ತೊಂದನ್ನು ಸೂಚಿಸುತ್ತಾರೆ. ಇಂಥ ಅಲಂಕಾರದ ಮಾತನ್ನು ಗುರುತಿಸುವದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಅಕ್ಷರಾರ್ಥವು ನಿಲ್ಲದ ಮಾತುಗಳು

“ನೆರೆಯವನ ಪೈರನ್ನು ನೋಡಿ ಅವನಿಗೆ ಹೊಟ್ಟೆಕಿಚ್ಚು” ಎಂದು ಕೇಳಿದರೆ ನಮ್ಮಲ್ಲಿ ಯಾರೂ ನೀರಿನ ಕೊಡವನ್ನು ಹಿಡಿದು ಓಡುವದಿಲ್ಲ. ಹೊಟ್ಟೆಯಲ್ಲಿ ಬೆಂಕಿ ಹತ್ತುವದು ಆಗದ ಸಂಗತಿ. ಆದದರಿಂದ ಮನಸ್ಸು ತಾನಾಗಿಯೇ ಹೋಲಿಕೆಯನ್ನು ಹುಡುಕುತ್ತದೆ. ಇಂಗ್ಲಿಷರು “ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್” ಅನ್ನುತ್ತಾರೆ. ಬೆಕ್ಕು ನಾಯಿಗಳು ಆಕಾಶದಿಂದ ಬೀಳುವದಿಲ್ಲವಷ್ಟೆ. ಮಳೆ ಧಾರಾಕಾರವಾಗಿ ಸುರಿಯುತ್ತದೆಂಬದೇ ಇದರ ಭಾವ. “ಲೈಕ್” ಇಲ್ಲವೆ “ಆಸ್” ಎಂಬ ಶಬ್ದದಿಂದ ಹೋಲಿಕೆಯನ್ನು ತೋರಿಸಿದರೆ ಅದು ಉಪಮೆ. ಆ ಶಬ್ದವನ್ನು ಬಿಟ್ಟು “ಹೀ ಈಸ್ ಎ ಲಯನ್”, ಅಂದರೆ ಅವನು ಸಿಂಹವೇ, ಎಂದು ಹೇಳಿದರೆ ರೂಪಕ. “ದಿ ಕ್ರೌನ್” ಎಂದು ಕಿರೀಟವನ್ನು ಹೇಳಿ ರಾಜಾಧಿಕಾರವನ್ನು ಸೂಚಿಸುವ ರೀತಿಯೂ ಉಂಟು. ಇವೆಲ್ಲವುಗಳ ಗುರುತು ಒಂದೇ: ಅಕ್ಷರಾರ್ಥವು ನಿಲ್ಲುವದಿಲ್ಲ.

೨. ಹೋಲಿಕೆಯು ದೇಶವನ್ನು ಅನುಸರಿಸುತ್ತದೆ

ಗುರುತು ಸಿಕ್ಕಿದ ಕೂಡಲೆ ಅರ್ಥವೂ ಸಿಕ್ಕಿತೆಂದು ತಿಳಿಯಬಾರದು. ಇಂಗ್ಲೆಂಡು ಚಳಿಯ ದೇಶ. ಅಲ್ಲಿ ಒಲೆಯ ಬೆಚ್ಚಗೆಯೇ ಸುಖ. ಆದದರಿಂದ ಪ್ರೀತಿಯ ಸತ್ಕಾರವು ಅವರಿಗೆ “ವಾರ್ಮ್ ವೆಲ್ಕಮ್”, ಬೆಚ್ಚಗಿನ ಸ್ವಾಗತ. ಪ್ರೀತಿಯಿಲ್ಲದ್ದು “ಕೋಲ್ಡ್”, ತಣ್ಣಗಿನದು. ಏಪ್ರಿಲ್ ಮೇ ತಿಂಗಳುಗಳ ಬಿಸಿಲನ್ನು ಬಲ್ಲ ನಾವಾದರೋ “ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಹರಸುತ್ತೇವೆ. ನಮ್ಮಲ್ಲಿ ಗೂಬೆಯೆಂದು ಕರೆಯಿಸಿಕೊಳ್ಳುವದು ಬೈಗಳು. ಅವರಲ್ಲಿ ಗೂಬೆಯು ಜ್ಞಾನಕ್ಕೆ ಗುರುತು. ಇನ್ನೂ ವಿಚಿತ್ರವಾದದ್ದೇನಂದರೆ, “ಸಮಯಕ್ಕೆ ಅವನು ಕೈ ಕೊಟ್ಟನು” ಎಂದು ನಾವು ಹೇಳಿದರೆ ಅವನು ಮೋಸಮಾಡಿದನೆಂದು ಅರ್ಥ. ಇಂಗ್ಲಿಷಿನಲ್ಲಿ “ಹೀ ಗೇವ್ ಎ ಹ್ಯಾಂಡ್” ಅಂದರೆ ಸಹಾಯಮಾಡಿದನೆಂದು ಅರ್ಥ. ಕೈ ಒಂದೇ, ಭಾವ ಎರಡು. ಆದಕಾರಣ ಅನ್ಯಭಾಷೆಯ ಅಲಂಕಾರವನ್ನು ನಮ್ಮ ನುಡಿಗಟ್ಟಿನಿಂದ ಅಳೆಯಕೂಡದು.

೩. ಪುಸ್ತಕದಿಂದ ಬಂದ ಮಾತುಗಳು

ಕೆಲವು ಅಲಂಕಾರಗಳ ಬೇರು ನಮಗೆ ಚೆನ್ನಾಗಿ ಪರಿಚಯವಾದದ್ದೇ. ತಪ್ಪು ಮಾಡಿದವರು ಬೇರೆ ಇರುವಾಗ ದೂರನ್ನು ಹೊತ್ತುಕೊಳ್ಳಬೇಕಾದವನನ್ನು ಇಂಗ್ಲಿಷು ವರ್ತಮಾನಪತ್ರಗಳು “ಸ್ಕೇಪ್‌ಗೋಟ್” ಅನ್ನುತ್ತವೆ. ಯಾಜಕಕಾಂಡದ ೧೬ನೇ ಅಧ್ಯಾಯದಲ್ಲಿ ಜನರ ಪಾಪಗಳನ್ನು ಹೊರಿಸಿ ಅಡವಿಗೆ ಅಟ್ಟಲ್ಪಟ್ಟ ಹೋತವು ನಮ್ಮ ನೆನಪಿಗೆ ಬರುವದಲ್ಲವೋ? ವಿಲಿಯಂ ಟಿಂಡೇಲ್ ಎಂಬವನು ಮೋಶೆಯ ಐದು ಪುಸ್ತಕಗಳನ್ನು ಭಾಷಾಂತರಿಸಿ ೧೫೩೦ನೇ ಇಸವಿಯಲ್ಲಿ ಅಚ್ಚುಹಾಕಿಸಿದಾಗ ಆ ಹೋತಕ್ಕಾಗಿ ಈ ಶಬ್ದವನ್ನು ಕಟ್ಟಿದನು. ಈಗ ಆ ಅಧ್ಯಾಯವನ್ನು ಎಂದೂ ಓದದವರೂ ಅದನ್ನು ಆಡುತ್ತಾರೆ.

೪. ಅಕ್ಷರಾರ್ಥವು ನಿಲ್ಲುವ ಮಾತುಗಳು

ಇನ್ನು ಹೆಚ್ಚು ಅಪಾಯಕರವಾದ ಜಾತಿಗೆ ಬರುತ್ತೇವೆ. “ಷೀ ಲಾಸ್ಟ್ ಹರ್ ಹಸ್ಬೆಂಡ್” ಎಂಬದರ ಅಕ್ಷರಾರ್ಥ, ಆಕೆ ಗಂಡನನ್ನು ಕಳಕೊಂಡಳು. ಜಾತ್ರೆಯ ಗದ್ದಲದಲ್ಲಿ ಹಾಗೆ ಆಗಲೂಬಹುದು. ಆದರೆ ಗಂಡನು ಸತ್ತನೆಂಬದೇ ಮಾತಿನ ಭಾವ. ಯಜಮಾನನು ಆಳಿಗೆ “ವಿ ಆರ್ ಲೆಟಿಂಗ್ ಯು ಗೋ” ಎಂದು ಬರೆದರೆ, ಮನೆಗೆ ಹೋಗಿ ಬರಲು ಅಪ್ಪಣೆ ಸಿಕ್ಕಿತೆಂದು ಹುಡುಗನು ಸಂತೋಷಪಟ್ಟಾನು. ನಿಜವಾಗಿ ಅವನ ಕೆಲಸವೇ ಹೋಯಿತು. ಕಠಿಣವಾದದ್ದನ್ನು ಹೀಗೆ ಮೃದುವಾಗಿ ಹೇಳುವಲ್ಲಿ ಅಕ್ಷರಾರ್ಥವು ನಿಲ್ಲುವದರಿಂದ ಮೊದಲನೆಯ ಗುರುತು ನಮಗೆ ಸಿಕ್ಕುವದಿಲ್ಲ.

ದೊಡ್ಡ ಕಷ್ಟವನ್ನು ಚಿಕ್ಕದಾಗಿ ಹೇಳುವ ಅಲ್ಪೋಕ್ತಿಯೂ ಇದೇ ಜಾತಿಯದು. ಇದು ಇಂಗ್ಲಿಷರ ವಿಶೇಷ ವಾಡಿಕೆ. ೧೯೫೧ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಕೊರಿಯಾ ದೇಶದ ಇಮ್‌ಜಿನ್ ನದಿಯ ಬಳಿ ಬ್ರಿಟಿಷ್ ದಂಡು ಬಹು ದೊಡ್ಡ ಚೀನೀ ಸೈನ್ಯಕ್ಕೆ ಎದುರಾಗಿ ನಿಂತಿತ್ತು. ಅದರ ಗ್ಲಾಸ್ಟರ್‌ಷೈರ್ ಪಟಾಲಮು ಗುಡ್ಡದ ಮೇಲೆ ಸುತ್ತುವರಿಯಲ್ಪಟ್ಟಿತು. ಅಮೇರಿಕದ ಜನರಲನು ಸ್ಥಿತಿಯನ್ನು ವಿಚಾರಿಸಲಾಗಿ ಬ್ರಿಟಿಷ್ ಬ್ರಿಗೇಡಿಯರನು “ಎ ಬಿಟ್ ಸ್ಟಿಕಿ”, ಅಂದರೆ ತುಸು ಅಂಟಂಟಾಗಿದೆ, ಎಂಬ ಭಾವದ ಉತ್ತರ ಕೊಟ್ಟನೆಂದು ಆ ಯುದ್ಧದ ವೃತ್ತಾಂತಗಳು ಹೇಳುತ್ತವೆ. ಇಂಗ್ಲಿಷನ ಬಾಯಲ್ಲಿ ಅದು ಮಹಾ ಸಂಕಟದ ಮಾತು. ಅಮೇರಿಕದವನ ಕಿವಿಗಾದರೋ, ಕಷ್ಟವಿದ್ದರೂ ತಾಳಬಹುದೆಂದು ಕೇಳಿಸಿತು. ಆ ಪಟಾಲಮಿನವರಲ್ಲಿ ೫೦೦ಕ್ಕಿಂತ ಹೆಚ್ಚು ಮಂದಿ ಸೆರೆಹಿಡಿಯಲ್ಪಟ್ಟರು. ಅದಕ್ಕೆಲ್ಲಾ ಈ ಒಂದು ಮಾತೇ ಕಾರಣವೆಂದು ಹೇಳಲಾಗದು. ಆದರೂ ಒಂದೇ ಭಾಷೆಯಲ್ಲಿ ಹುಟ್ಟಿದ ಇಬ್ಬರು ಇಷ್ಟು ಚಿಕ್ಕ ಮಾತಿನಲ್ಲಿ ಎಡವಿದರೆಂಬದನ್ನು ಮನಸ್ಸಿನಲ್ಲಿಡೋಣ.

೫. ನಾವು ಮಾಡತಕ್ಕದ್ದು

ಇಂಗ್ಲಿಷು ವಾಕ್ಯವನ್ನು ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಅಕ್ಷರಾರ್ಥವು ಇಲ್ಲಿ ನಿಲ್ಲುವದೋ? ನಿಲ್ಲದಿದ್ದರೆ ಯಾವ ಗುಣದಲ್ಲಿ ಹೋಲಿಕೆ? ಆ ಗುಣವನ್ನು ಆ ದೇಶದವರು ಒಳ್ಳೇದೆಂದು ಎಣಿಸುತ್ತಾರೋ, ಕೆಟ್ಟದ್ದೆಂದೋ? ಅಕ್ಷರಾರ್ಥವು ನಿಂತರೂ, ಮಾತಾಡುವವನು ದುಃಖವನ್ನೋ ಅಪಾಯವನ್ನೋ ಮೃದುವಾದ ಮಾತಿನಲ್ಲಿ ಮುಚ್ಚಿರಬಹುದೋ?

ಕೊನೆಗೂ ಸಂದೇಹವು ತೀರದಿದ್ದರೆ ನಾಚದೆ, “ಇದನ್ನು ಸರಳವಾದ ಮಾತಿನಲ್ಲಿ ತಿಳಿಸಿರಿ” ಎಂದು ಕೇಳಬೇಕು. ಕೆಲಸದ ಕಾಗದ, ವೈದ್ಯರ ಮಾತು, ಸಾಲದ ಪತ್ರ ಇವುಗಳಲ್ಲಿ ಹೀಗೆ ಕೇಳುವದು ಅಜ್ಞಾನದ ಗುರುತಲ್ಲ. ಕೇಳದೆ ತಲೆದೂಗುವದೇ ನಷ್ಟಕ್ಕೆ ದಾರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. “ಹೀ ಹ್ಯಾಸ್ ಎ ಹಾರ್ಟ್ ಆಫ್ ಸ್ಟೋನ್” ಎಂಬದಕ್ಕೆ ಸಮಾನವಾದ ಮಾತು ಕನ್ನಡದಲ್ಲಿ ಯಾವದು?
೨. “ವಾರ್ಮ್ ವೆಲ್ಕಮ್” ಎಂಬದನ್ನು ಹಳ್ಳಿಯ ಅಜ್ಜಿಗೆ ಯಾವ ಮಾತಿನಿಂದ ತಿಳಿಸುವಿರಿ?
೩. ಪರೀಕ್ಷೆಯ ಕಾಗದದ ಮೇಲೆ ಇಂಗ್ಲಿಷ್ ಉಪಾಧ್ಯಾಯನು “ನಾಟ್ ಬ್ಯಾಡ್” ಎಂದು ಬರೆದರೆ ಹುಡುಗನು ಅಳಬೇಕೋ, ನಗಬೇಕೋ? ಕಾರಣವನ್ನು ಹೇಳಿರಿ.