ಇಂದಿನ ಧಮ್ಮ ಚಿಂತನೆ: ಅದು ಕರ್ಮವಲ್ಲ ತಂಗಿ



ನಮ್ಮ ಬಳಗದ ತಂಗಿಯೊಬ್ಬಳಿಗೆ ಮೊದಲ ಐವಿಎಫ್. ಮರುದಿನ ಲ್ಯಾಬ್‌ನಿಂದ ಫೋನ್ ಬಂತು: ತೆಗೆದದ್ದು 11 ಅಂಡಾಣು, ಫಲೀಕರಣವಾದದ್ದು 2. "ಹೋದ ಜನ್ಮದ ಕರ್ಮ" ಅಂದರಂತೆ ಅತ್ತೆ. 22 ಪ್ರತಿಜ್ಞೆ ತೆಗೆದುಕೊಂಡ ಮನೆಯಲ್ಲೇ ಈ ಮಾತು! (ಬರೆಯಿರಿ ಅಣ್ಣಾ ಎಂದು ಅವಳೇ ಹೇಳಿದಳು.)

ಸುಖದುಃಖವೆಲ್ಲ ಹಿಂದಿನ ಕರ್ಮದ ಫಲವೇ ಎಂದು ಸೀವಕ ಕೇಳಿದಾಗ ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತು ಬದಲಾವಣೆಯಿಂದಲೂ ನೋವು ಬರುತ್ತದೆ, ಇದನ್ನು ನೀನೇ ನೋಡಿ ತಿಳಿಯಬಹುದು ಎಂದರು. ಬಾಬಾಸಾಹೇಬರೂ ಪೂರ್ವಜನ್ಮದ ಕರ್ಮವಾದವನ್ನು ತಳ್ಳಿಹಾಕಿದರು.

ಇಲ್ಲೂ ನೋಡಿ ತಿಳಿಯುವ ಕಾರಣಗಳಿವೆ. ತೆಗೆದ ಅಂಡಾಣುಗಳೆಲ್ಲ ಬಲಿತಿರುವುದಿಲ್ಲ. ಬಲಿತವೂ ಎಲ್ಲ ಫಲಿಸುವುದಿಲ್ಲ. ವೀರ್ಯಾಣು ಒಳಹೋಗದಿದ್ದರೆ, ಮುಂದಿನ ಸಲ ಸೂಜಿಯಿಂದ ಒಳಗೆ ಬಿಡುವ ಇಕ್ಸಿ ವಿಧಾನವಿದೆ.

ಅಳು ಬಂದರೆ ಅಳು ತಂಗಿ. ಆಮೇಲೆ ಡಾಕ್ಟರನ್ನು ಕೇಳು: ಆ 11ರಲ್ಲಿ ಬಲಿತವು ಎಷ್ಟು?