ಝಾಂಬಿಯಾಕ್ಕೆ ಹೊರಟ ಹುಡುಗನಿಗೆ

ಗಡಹಿಂಗ್ಲಜ

ಪ್ರೀತಿಯ ತಮ್ಮಾ,

ಝಾಂಬಿಯಾದ ಮಜಬುಕಾದಲ್ಲಿ ಸಕ್ಕರೆ ಕಾರ್ಖಾನೆಯ ನೌಕರಿ ಸಿಕ್ಕಿತೆಂದು ನಿಮ್ಮಪ್ಪ ಫೋನ್ ಮಾಡಿದಾಗ ಮನೆಮಂದಿಗೆಲ್ಲ ಹಿಗ್ಗೋ ಹಿಗ್ಗು. ನಮ್ಮ ಕೊಲ್ಹಾಪುರ ಭಾಗದ ಹಂಗಾಮು ಮಾರ್ಚಿನ ಹೊತ್ತಿಗೆ ಮುಗಿಯುತ್ತದೆ, ಅಲ್ಲಿನದು ಏಪ್ರಿಲ್‌ಗೆ ಶುರುವಾಗುತ್ತದೆ. “ಅದೇ ಕಬ್ಬು, ಅದೇ ಕಾಲುವೆ, ಗಾಡಿಗಳೂ ನಮ್ಮಂತೆ ಎಡಗಡೆಗೇ ಓಡುತ್ತವೆ, ಚಿಂತೆ ಯಾಕೆ ಕಾಕೂ?” ಅಂದೆಯಲ್ಲ, ನನಗೆ ಚಿಂತೆ ಹತ್ತಿದ್ದೇ ಆ ಮಾತಿಗೆ. ಹೊಸದು ಕಂಡಾಗ ಮನುಷ್ಯ ತಾನಾಗಿಯೇ ಹುಷಾರಾಗುತ್ತಾನೆ, ಊರಿನಂತೆ ಕಂಡಲ್ಲಿ ಮೈಮರೆಯುತ್ತಾನೆ. ಆಯುಷ್ಯವೆಲ್ಲ ದವಾಖಾನೆಯಲ್ಲಿ ನರ್ಸಾಗಿ ದುಡಿದವಳು ಹೇಳುತ್ತಿದ್ದೇನೆ, ಸಮಾಧಾನದಿಂದ ಓದು.

ಮೊದಲು ಜ್ವರದ ಮಾತು. ನಮ್ಮಲ್ಲಿ ಮೈ ಬಿಸಿಯಾದರೆ ಒಂದು ಗುಳಿಗೆ ನುಂಗಿ ಎರಡು ದಿನ ನೋಡೋಣ ಅನ್ನುತ್ತೇವೆ. ಅಲ್ಲಿ ಆ ಎರಡು ದಿನ ಕಾಯುವಂತಿಲ್ಲ. ಝಾಂಬಿಯಾದಲ್ಲಿ ಹೆಚ್ಚಾಗಿ ಬರುವುದು ಫಾಲ್ಸಿಪ್ಯಾರಮ್ ಮಲೇರಿಯಾ. ಅದು ನೋಡುನೋಡುತ್ತಲೇ ಮೆದುಳಿಗೆ, ಕಿಡ್ನಿಗೆ ಏರುತ್ತದೆ. ನೀನು ಹೋಗುವ ಏಪ್ರಿಲ್ ಅಂದರೆ ಮಳೆ ಆಗಷ್ಟೇ ಹಿಂದೆ ಸರಿಯುವ ಕಾಲ, ಸೊಳ್ಳೆಗೆ ಹೇಳಿ ಮಾಡಿಸಿದ ಹೊತ್ತು. ಜ್ವರ ಬಂದ ದಿನವೇ ರಕ್ತ ತಪಾಸಣೆ ಆಗಬೇಕು, ಅದು ರವಿವಾರ ಇರಲಿ, ರಾತ್ರಿ ಪಾಳಿ ಇರಲಿ. ಬರದಂತೆ ತಡೆಯುವ ಗುಳಿಗೆಗಳಿವೆ. ಹಳೆಯ ಕ್ಲೋರೋಕ್ವಿನ್ ಅಲ್ಲಿ ನಡೆಯುವುದಿಲ್ಲ. ಡಾಕ್ಟರರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಹೊರಡುವ ಒಂದೆರಡು ದಿನ ಮೊದಲೇ ಶುರುಮಾಡು, ಊಟವಾದ ಮೇಲೆ ತುಂಬಿದ ಲೋಟ ನೀರಿನ ಜೊತೆ ತಗೋ. ನುಂಗಿದ ಕೂಡಲೇ ಅಡ್ಡಾಗಬೇಡ, ಗುಳಿಗೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗುತ್ತದೆ. ಅಲ್ಲಿಂದ ಹೊರಟ ಮೇಲೂ ನಾಲ್ಕು ವಾರ ಅದನ್ನು ಬಿಡುವಂತಿಲ್ಲ. ಗುಳಿಗೆ ಇದೆಯೆಂದು ಸೊಳ್ಳೆ ಪರದೆ ಮಡಚಿ ಇಡಬೇಡ, ಈ ಸೊಳ್ಳೆ ಕಚ್ಚುವುದೇ ಸಂಜೆಯಿಂದ ನಸುಕಿನವರೆಗೆ. ರಜೆಗೆ ಊರಿಗೆ ಬಂದಾಗ ಜ್ವರ ಬಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಡೆಂಗಿ. ದವಾಖಾನೆಯೊಳಗೆ ಕಾಲಿಟ್ಟ ಕೂಡಲೇ “ಝಾಂಬಿಯಾದಿಂದ ಬಂದೀನಿ” ಅಂತ ಹೇಳು.

ಇನ್ನು ನೀರು. ಹಿರಣ್ಯಕೇಶಿಯಲ್ಲಿ ಈಜು ಕಲಿತ ಹುಡುಗ ನೀನು, ಬೇಸಿಗೆಯಲ್ಲಿ ಕಾಲುವೆ ಕಂಡರೆ ಅಂಗಿ ಕಳಚುತ್ತಿದ್ದೆ. ಮಜಬುಕಾದ ಕಬ್ಬಿಗೆ ನೀರು ಬರುವುದು ಕಫುಯೆ ನದಿಯಿಂದ. ನದಿಯಲ್ಲಿ ಮೊಸಳೆ, ನೀರಾನೆ ಇವೆ ಅಂದರೆ ನೀನೇ ದೂರ ನಿಲ್ಲುತ್ತೀ. ಕಣ್ಣಿಗೆ ಕಾಣದ್ದು ಬೇರೆ ಇದೆ. ಆ ಭಾಗದ ಕೆರೆ, ಕಾಲುವೆ, ನಿಂತ ನೀರಲ್ಲಿ ಒಂದು ಜಾತಿಯ ಬಸವನಹುಳು ಇರುತ್ತದೆ, ಅದರಿಂದ ಹೊರಬೀಳುವ ಸೂಕ್ಷ್ಮ ಹುಳು ನೀರಿಗಿಳಿದವನ ಚರ್ಮ ಕೊರೆದು ಒಳಗೆ ಸೇರುತ್ತದೆ. ಬಿಲ್ಹಾರ್ಜಿಯಾ ಅನ್ನುತ್ತಾರೆ. ಗಾಯ ಬೇಕಿಲ್ಲ, ನೀರು ಕುಡಿಯಬೇಕಿಲ್ಲ, ಮೊಳಕಾಲುದ್ದ ನೀರಲ್ಲಿ ಒಂದಿಷ್ಟು ಹೊತ್ತು ನಿಂತರೂ ಸಾಕು. ಕೆಲವರಿಗೆ ಮೂತ್ರದಲ್ಲಿ ರಕ್ತ ಬರುತ್ತದೆ, ಎಷ್ಟೋ ಜನರಿಗೆ ವರ್ಷಗಟ್ಟಲೆ ಏನೂ ತಿಳಿಯುವುದೇ ಇಲ್ಲ. ಪ್ರಾಜಿಕ್ವಾಂಟೆಲ್ ಅನ್ನುವ ಗುಳಿಗೆಯಿಂದ ಗುಣವಾಗುತ್ತದೆ, ಆದರೆ ತಪಾಸಣೆ ಮಾಡಿಸಿದರೆ ತಾನೇ ಗೊತ್ತಾಗುವುದು? ಕಾಲುವೆ ನೋಡಲು ಹೋಗುವಾಗ ಗಮ್‌ಬೂಟ್ ಹಾಕಿಕೋ.

ಕುಡಿಯುವ ನೀರಿನ ಬಗ್ಗೆ ನಮ್ಮ ಸೀಮೆಯವರಿಗೆ ಹೆಚ್ಚು ಹೇಳಬೇಕಿಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕೆಟ್ಟ ನೀರಿನಿಂದ ಕಾಮಾಲೆ ಹಬ್ಬಿ ಮನೆಮನೆ ಮಲಗಿತ್ತು, ಜೀವಗಳೂ ಹೋದವು. ಝಾಂಬಿಯಾದಲ್ಲಿ 2023ರ ಅಕ್ಟೋಬರಿನಲ್ಲಿ ಶುರುವಾದ ಕಾಲರಾ 700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು, ಲುಸಾಕಾದ ದೊಡ್ಡ ಕ್ರೀಡಾಂಗಣವನ್ನೇ ದವಾಖಾನೆ ಮಾಡಿದರು. ಕುದಿಸಿ ಕುಡಿ, ಓಆರ್‌ಎಸ್ ಪುಡಿ ಚೀಲದಲ್ಲಿರಲಿ.

ಕಬ್ಬಿನ ಫಡದಲ್ಲಿ ಕೊಳಕುಮಂಡಲಕ್ಕೆ ಅಂಜಿ ಬೆಳೆದವರು ನಾವು. ಅಲ್ಲಿ ಪಫ್ ಆಡರ್ ಅನ್ನುವ ಹಾವಿದೆ, ಅದೂ ಹಾಗೆಯೇ, ಸಪ್ಪಳಕ್ಕೆ ಸರಿಯದೆ ಬಿದ್ದಲ್ಲೇ ಬಿದ್ದಿರುತ್ತದೆ. ವಿಷ ಉಗುಳುವ ನಾಗರವೂ ಉಂಟು. ಕಣ್ಣಿಗೆ ಸಿಡಿದರೆ ಉಜ್ಜಬೇಡ, ನೀರಿನಿಂದ ತೊಳೆಯುತ್ತಲೇ ದವಾಖಾನೆಗೆ ಓಡು. ನಮ್ಮ ದೇಶದ ಹಾವಿನ ಔಷಧಿ ಅಲ್ಲಿನ ವಿಷಕ್ಕೆ ನಾಟುವುದಿಲ್ಲ, ಆಫ್ರಿಕಾದ ಹಾವುಗಳಿಗೆ ತಯಾರಿಸಿದ್ದೇ ಬೇಕು. ಅದು ಯಾವ ದವಾಖಾನೆಯಲ್ಲಿದೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿ ತಿಳಿದುಕೋ.

ಒಗೆದ ಬಟ್ಟೆಯ ವಿಷಯ ಕೇಳಿದರೆ ನಿನಗೆ ಆಶ್ಚರ್ಯವಾದೀತು. ಅಲ್ಲಿ ಪುಟ್ಸಿ ಎಂಬ ನೊಣ ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ತತ್ತಿ ಇಡುತ್ತದೆ. ಬಟ್ಟೆ ಮೈಗೆ ತಾಗಿದಾಗ ಮರಿಹುಳು ಚರ್ಮದೊಳಗೆ ಹೊಕ್ಕು ಕುರುವಿನಂತೆ ಎದ್ದು ಕೂರುತ್ತದೆ. ಅದಕ್ಕೇ ಬನಿಯನ್ನು, ಚಡ್ಡಿ, ಟವೆಲ್ಲು ಎಲ್ಲಕ್ಕೂ ಎರಡೂ ಬದಿಗೆ ಬಿಸಿ ಇಸ್ತ್ರಿ ಆಗಬೇಕು, ಹೊಲಿಗೆಯ ಸಂದಿಗಳಿಗೂ ಸಹ.

ಅವ್ವ ಕೆಮ್ಮಿಗೆಂದು ಕಟ್ಟಿಕೊಡುವ ಬೆನಡ್ರಿಲ್ ಬಾಟಲಿಯನ್ನು ಇಲ್ಲೇ ಬಿಡು. ಅದರಲ್ಲಿರುವ ಡೈಫೆನ್‌ಹೈಡ್ರಮಿನ್‌ಗೆ ಝಾಂಬಿಯಾದಲ್ಲಿ ನಿರ್ಬಂಧವಿದೆ, ಅದನ್ನು ಒಯ್ದ ಪ್ರವಾಸಿಗರನ್ನು ಹಿಡಿದು ಕೂಡಿಸಿದ್ದುಂಟು. ಉಳಿದ ಔಷಧಿಗೆಲ್ಲ ಡಾಕ್ಟರರ ಚೀಟಿ ಜೊತೆಗಿರಲಿ.

ಲುಸಾಕಾದಿಂದ ಲಿವಿಂಗ್‌ಸ್ಟನ್ ಕಡೆಗೆ ಹೋಗುವ ಹೆದ್ದಾರಿಯಲ್ಲೇ ಮಜಬುಕಾ ಇದೆ. ಲಾರಿಗಳ ಓಡಾಟ ಬಹಳ, ಕತ್ತಲಲ್ಲಿ ದೀಪವಿಲ್ಲದ ಗಾಡಿಗಳು, ದನ, ನಡೆದು ಹೋಗುವ ಮಂದಿ. ರಾತ್ರಿ ಪ್ರಯಾಣ ಬೇಡ, ಹಿಂದಿನ ಸೀಟಿನಲ್ಲಿ ಕೂತರೂ ಬೆಲ್ಟ್ ಕಟ್ಟಿಕೋ.

ಒಂದು ಮಾತನ್ನು ಮನೆಯಲ್ಲಿ ಬೇರೆ ಯಾರೂ ಹೇಳಲಾರರು, ನಾನು ಹೇಳುತ್ತೇನೆ. ಅಲ್ಲಿ ದೊಡ್ಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಎಚ್‌ಐವಿ ಇದೆ. ಅದಕ್ಕಾಗಿ ಅಲ್ಲಿನವರನ್ನು ಕೀಳಾಗಿ ನೋಡಬೇಡ. ಔಷಧಿ ತೆಗೆದುಕೊಂಡು, ದುಡಿದು, ಮಕ್ಕಳನ್ನು ಸಾಕಿ ಬಾಳುತ್ತಿರುವ ಮಂದಿ ಅವರು. ನೀನು ಒಬ್ಬನೇ ಇರುವ ಹರೆಯದ ಹುಡುಗ. ಕಾಂಡೋಮ್ ಇಲ್ಲದೆ ಸಂಬಂಧ ಬೇಡ. ಎಡವಟ್ಟಾದರೆ ನಾಚಿಕೊಂಡು ಕೂಡದೆ 72 ತಾಸಿನೊಳಗೆ ದವಾಖಾನೆಗೆ ಹೋಗು, ತಡೆಯುವ ಔಷಧಿ ಇದೆ. ಯಾರಿಗೂ ಹೇಳಲಾಗದಿದ್ದರೆ ನನಗೆ ಫೋನ್ ಮಾಡು, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಅಡಿಸ್ ಅಬಾಬಾ ಮೇಲಿಂದ ಟಿಕೆಟ್ ತೆಗೆಸಿದ್ದಾರೆಂದು ನಿಮ್ಮಪ್ಪ ಹೇಳಿದರು. ವಾಪಸ್ ಬರುವಾಗ ಅಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಬಿದ್ದೆಯಾದರೆ ಮುಂಬೈಯಲ್ಲಿ ಹಳದಿ ಜ್ವರದ ಲಸಿಕೆಯ ಕಾರ್ಡು ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕ ಇಡುತ್ತಾರೆ. ಆ ಲಸಿಕೆ ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಷ್ಟೇ ಸಿಗುತ್ತದೆ, ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಟಾಯ್‌ಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳನ್ನು ಕೊಲ್ಹಾಪುರದಲ್ಲೇ ಹಾಕಿಸಿಕೋ. ಹಳದಿ ಜ್ವರದ ಲಸಿಕೆಗೆ ಮುಂಬೈಗೆ ಯಾವತ್ತು ಹೋಗುತ್ತೀ ಎಂದು ಈ ವಾರವೇ ತಿಳಿಸು, ಹಳೆಯ ಲಸಿಕೆಗಳ ಚೀಟಿಗಳು ನನ್ನ ಟ್ರಂಕಿನಲ್ಲಿವೆ, ತೆಗೆದಿಡುತ್ತೇನೆ.

ನಿನ್ನ
ಕಾಕೂ