ನೆಟ್ ಹೋಯ್ತಾ? ಎಲ್ಲಿ ಕಡಿಯಿತು ಅಂತ ಮೊದಲು ಹುಡುಕಿ

ನೆಟ್ ನಿಂತ ಕೂಡಲೇ ನಾವು ಕೈಗೆ ಸಿಕ್ಕಿದ್ದನ್ನೆಲ್ಲ ಆಫ್ ಮಾಡಿ ಆನ್ ಮಾಡುತ್ತೇವೆ. ಒಮ್ಮೊಮ್ಮೆ ಸರಿಹೋಗುತ್ತದೆ, ಯಾಕೆ ಹೋಗಿತ್ತು ಎನ್ನುವುದು ಮಾತ್ರ ತಿಳಿಯುವುದಿಲ್ಲ. ನಾಳೆ ಮತ್ತೆ ಅದೇ ಗೋಳು. ಅದರ ಬದಲು ಹೀಗೆ ಮಾಡಿ.

1. ಒಬ್ಬರಿಗೋ, ಎಲ್ಲರಿಗೋ? ಅದೇ ವೈಫೈಗೆ ಮೊಬೈಲ್ ಜೋಡಿಸಿ ನೋಡಿ. ಮೊಬೈಲ್ ಡೇಟಾ ಆಫ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಫೋನ್ ಸದ್ದಿಲ್ಲದೆ ಸಿಮ್‌ನ ನೆಟ್ ಎಳೆದುಕೊಂಡು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೊಬೈಲ್‌ಗೆ ಬಂದರೆ ಕಂಪ್ಯೂಟರ್ ಕಡೆ ನೋಡಿ. ಬರದಿದ್ದರೆ ರೂಟರ್ ಕಡೆ ನಡೆಯಿರಿ.

2. ಪ್ಲ್ಯಾನ್ ಮುಗಿದಿದೆಯೇ? ನಗಬೇಡಿ, ನೋಡಿ.

3. ದೀಪಗಳನ್ನು ಓದಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ (LOS) ದೀಪ ಕೆಂಪಗೆ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ತುಂಡಾಗಿರಬಹುದು, ಇಲ್ಲವೇ ಬೀರುವಿನ ಹಿಂದೆ ಸಿಕ್ಕಿ ಮಡಚಿಕೊಂಡಿರಬಹುದು. ಮಡಿಕೆ ಕಂಡರೆ ಬಿಡಿಸಿ. ಕಿತ್ತು ತುದಿಗೆ ಕಣ್ಣಿಟ್ಟು ನೋಡಲು ಹೋಗಬೇಡಿ, ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅಪಾಯ.

4. ರೂಟರ್‌ನಿಂದ ಕಂಪ್ಯೂಟರ್‌ಗೆ ಕೇಬಲ್ ಇದ್ದರೆ ಬದಲಿಸಿ ನೋಡಿ. ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಪ್ಲಗ್ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಪೋರ್ಟ್ ಪಕ್ಕದ ಪುಟ್ಟ ದೀಪ ಹತ್ತಿದೆಯೇ ಗಮನಿಸಿ.

5. ವಿಳಾಸ ಕೇಳಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ. ಮನೆಗಳಲ್ಲಿ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಐಪಿ ವಿಳಾಸ ಕಾಣುತ್ತದೆ. 169.254 ಎಂದಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ವೈಫೈ ಬಿಡಿಸಿ ಮತ್ತೆ ಜೋಡಿಸಿ. ಆಗಲಿಲ್ಲವೆಂದರೆ ರೂಟರ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.

6. ಪಿಂಗ್ ಮಾಡಿ, ಹತ್ತಿರದಿಂದ ದೂರಕ್ಕೆ. ಇಡೀ ಕೆಲಸದ ಜೀವಾಳ ಇದು. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂಗೆ ಇವತ್ತಿಗೂ ಸಾಟಿಯಿಲ್ಲ. ಅದೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ping ಎಂದು ಬರೆದು, ಜಾಗ ಬಿಟ್ಟು ವಿಳಾಸ ಟೈಪ್ ಮಾಡಿ. ಮೊದಲು 127.0.0.1: ಉತ್ತರ ಬಂದರೆ ಕಂಪ್ಯೂಟರ್ ಒಳಗಿನ ನೆಟ್‌ವರ್ಕ್ ತಂತ್ರಾಂಶ ಸರಿಯಿದೆ. ಎರಡನೆಯದು ಐಪಿಕಾನ್ಫಿಗ್ ತೋರಿಸಿದ ಡಿಫಾಲ್ಟ್ ಗೇಟ್‌ವೇ: ಉತ್ತರ ಬಂದರೆ ರೂಟರ್‌ವರೆಗೆ ದಾರಿ ತೆರೆದಿದೆ. ಮೂರನೆಯದು ಗೂಗಲ್‌ನ 8.8.8.8: ಬಂದರೆ ಹೊರಗಿನ ಲೋಕವೂ ಸಿಕ್ಕಿತು. ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರು. ಸಂಖ್ಯೆಗೆ ಉತ್ತರ ಬಂದು, ಹೆಸರು ಹೊಡೆದರೆ ‘ಸಿಗಲಿಲ್ಲ’ ಎಂದರೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಆಗಿ 8.8.8.8 ಅಥವಾ 1.1.1.1 ಹಾಕಿ ನೋಡಿ. ಕೆಲವು ಆಫೀಸುಗಳಲ್ಲಿ ಪಿಂಗ್ ಅನ್ನೇ ತಡೆದಿರುತ್ತಾರೆ, ಅಲ್ಲಿ ಈ ಲೆಕ್ಕ ನಡೆಯದು.

7. ಗಡಿಯಾರ ನೋಡಿ. ಪಿಂಗ್ ಸರಿ, ಆದರೆ ಬ್ರೌಸರ್ ಪ್ರತಿ ಸೈಟಿಗೂ ‘ಸುರಕ್ಷಿತವಲ್ಲ’ ಎನ್ನುತ್ತಿದೆಯೇ? ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತು ತಾರೀಖು ಹತ್ತಾರು ವರ್ಷ ಹಿಂದೆ ಓಡಿರುತ್ತದೆ. ಆ ತಾರೀಖಿಗೆ ಯಾವ ಸೈಟಿನ ಪ್ರಮಾಣಪತ್ರವೂ ಹೊಂದುವುದಿಲ್ಲ. ಹೊಸ ಬ್ಯಾಟರಿ ಹಾಕಿ, ತಾರೀಖು ಸರಿಪಡಿಸಿ.

8. ಒಂದು ಸಲಕ್ಕೆ ಒಂದೇ ಬದಲಾವಣೆ. ಫಲ ಕೊಡದ್ದನ್ನು ಮೊದಲಿದ್ದಂತೆ ಮಾಡಿ ಮುಂದಿನದಕ್ಕೆ ಹೋಗಿ. ಅವಸರದಲ್ಲಿ ಐದು ಸೆಟ್ಟಿಂಗ್ ತಿರುಚಿದರೆ ಒಂದರ ಜಾಗದಲ್ಲಿ ಆರು ತೊಂದರೆ.

9. ಸೂಜಿ ತೂತಿಗೆ ಕೈ ಹಾಕಬೇಡಿ. ರೂಟರ್ ಹಿಂದಿನ ರೀಸೆಟ್ ಒತ್ತಿ ಹಿಡಿದರೆ ವೈಫೈ ಪಾಸ್‌ವರ್ಡ್ ಜೊತೆಗೆ ಕಂಪನಿಯವರು ತುಂಬಿಸಿದ ಲಾಗಿನ್ ಕೂಡ ಅಳಿಸಿಹೋಗಬಹುದು. ಆಮೇಲೆ ಅವರೇ ಬರಬೇಕು.

10. ದೂರು ಕೊಡುವಾಗ ವಿವರ ಕೊಡಿ. ‘ನೆಟ್ ಬರ್ತಿಲ್ಲ ಸಾರ್’ ಎಂದರೆ ‘ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಗ್ಯಾರಂಟಿ. ‘ಎಲ್‌ಓಎಸ್ ದೀಪ ಕೆಂಪಿದೆ’ ಅಥವಾ ‘ಗೇಟ್‌ವೇ ಪಿಂಗ್ ಆಗುತ್ತಿದೆ, 8.8.8.8 ಆಗುತ್ತಿಲ್ಲ’ ಎನ್ನಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.